ಬಣ್ಣ ತಿಳಿಯಾದಷ್ಟೂ ಮಾರ್ಫಿನ್ ಹೆಚ್ಚು: ಒಂದು ಅಭ್ಯಾಸ ಪಾಠ

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಓಪಿಯಾಯ್ಡ್‌ಗಳು ಆರೋಗ್ಯ ಮತ್ತು ರೋಗಗಳ ಅಧ್ಯಾಯದಲ್ಲಿ ಬರುತ್ತವೆ, ಎಲೈಸಾ ಜೈವಿಕ ತಂತ್ರಜ್ಞಾನದಲ್ಲಿ. ಇವೆರಡನ್ನೂ ಸೇರಿಸಿ ಒಂದು ಪಾಠ ಮಾಡಿದೆ: ಮಾದರಿಯಲ್ಲಿ ಮಾರ್ಫಿನ್ ಇದೆಯೆಂದು ಕಿಣ್ವ ಜೋಡಿಸಿದ ಪ್ರತಿಕಾಯ ಹೇಗೆ ತಿಳಿಸುತ್ತದೆ?

ಬಣ್ಣ ಬಂದರೆ ವಸ್ತು ಇದೆ, ಬರದಿದ್ದರೆ ಇಲ್ಲ ಎಂಬುದು ಮಕ್ಕಳ ಪೂರ್ವಜ್ಞಾನ. ಮಾರ್ಫಿನ್ ವಿಷಯದಲ್ಲಿ ಇದು ತಲೆಕೆಳಗು. ಮಾರ್ಫಿನ್‌ನ ಅಣುತೂಕ ಸುಮಾರು 285, ಪ್ರತಿಕಾಯದ್ದು ಸುಮಾರು 1,50,000. ಇಷ್ಟು ಪುಟ್ಟ ಅಣುವನ್ನು ಎರಡು ಪ್ರತಿಕಾಯಗಳು ಎರಡೂ ಬದಿಯಿಂದ ಹಿಡಿಯಲು ಜಾಗ ಸಾಲದು. ಹಾಗಾಗಿ ಸ್ಪರ್ಧೆ ಒಡ್ಡುತ್ತಾರೆ. ಪ್ರೋಟೀನಿಗೆ ಕಟ್ಟಿದ ಮಾರ್ಫಿನ್ ಅನ್ನು ತಟ್ಟೆಯ ಗುಳಿಯ ತಳಕ್ಕೆ ಅಂಟಿಸಿ, ಮೇಲೆ ಮಾದರಿಯನ್ನೂ ಕಿಣ್ವವಿರುವ ಪ್ರತಿಕಾಯವನ್ನೂ ಹಾಕುತ್ತಾರೆ. ಮಾದರಿಯ ಮಾರ್ಫಿನ್ ಹಿಡಿದ ಪ್ರತಿಕಾಯ ತೊಳೆಯುವಾಗ ಹೊರಟುಹೋಗುತ್ತದೆ. ತಳದ ಮಾರ್ಫಿನ್ ಹಿಡಿದದ್ದು ಮಾತ್ರ ಉಳಿದು ಬಣ್ಣ ಕೊಡುತ್ತದೆ.

ವಿವರಣೆಗಿಂತ ಆಟವೇ ಹೆಚ್ಚು ಕೆಲಸ ಮಾಡಿತು. ಐವರು ಬೆಂಚಿನ ಮೇಲೆ ಕುಳಿತರು: ತಳದ ಮಾರ್ಫಿನ್. ತೋಳಿಗೆ ಕೆಂಪು ರಿಬ್ಬನ್ ಕಟ್ಟಿದ ಐವರು ಪ್ರತಿಕಾಯಗಳು; ರಿಬ್ಬನ್ನೇ ಕಿಣ್ವ. ಸೀಮೆಸುಣ್ಣದ ತುಂಡು ಮಾದರಿಯ ಮಾರ್ಫಿನ್. ಒಂದೇ ಕೈ ಬಳಸಬೇಕು; ಸೀಮೆಸುಣ್ಣ ಹಿಡಿದವರು ಬೆಂಚಿನವರನ್ನು ಹಿಡಿಯುವಂತಿಲ್ಲ. "ತೊಳೆಯಿರಿ" ಎಂದಾಗ ಅವರು ಬಾಗಿಲಾಚೆ ಹೋಗಬೇಕು. ಮೂರು ತುಂಡು ಕೊಟ್ಟರೆ ಎಷ್ಟು ರಿಬ್ಬನ್ ಉಳಿಯುತ್ತದೆ? ಆಟಕ್ಕೆ ಮುಂಚೆಯೇ ಊಹೆ ಬರೆಸಿದ್ದೆ. ಹೆಚ್ಚಿನವರು ಮೂರು ಎಂದಿದ್ದರು. ಉಳಿದದ್ದು ಎರಡು. ಮುಂಚೆ ಬರೆಸದಿದ್ದರೆ "ನಮಗೆ ಗೊತ್ತಿತ್ತು ಸಾರ್" ಎನ್ನುತ್ತಿದ್ದರು, ಅಷ್ಟೇ. ಪ್ರತಿಕಾಯಕ್ಕೆ ನಿಜವಾಗಿ ಎರಡು ತೋಳು. ಎಣಿಕೆ ಸುಲಭವಾಗಲೆಂದು ಒಂದೇ ಇಟ್ಟಿದ್ದೇವೆಂದು ಆಟಕ್ಕೆ ಮುಂಚೆಯೇ ಹೇಳುವುದು ಮೇಲು.

ಕಿಣ್ವದ ರಸಾಯನವನ್ನು ಬೇಗ ಮುಗಿಸಿದೆ. ಸಾಮಾನ್ಯವಾಗಿ ಬಳಸುವ ಪೆರಾಕ್ಸಿಡೇಸ್ ಟಿಎಂಬಿಯನ್ನು ನೀಲಿಯಾಗಿಸುತ್ತದೆ. ಆಮ್ಲ ಹಾಕಿದರೆ ಹಳದಿ. 450 ನ್ಯಾನೋಮೀಟರ್‌ನಲ್ಲಿ ಅಳತೆ.

ಆಗ ಒಬ್ಬಳು ಕೇಳಿದಳು: "ಗಸಗಸೆ ಪಾಯಸ ಕುಡಿದರೂ ಸಿಕ್ಕಿಬೀಳ್ತೀವಾ ಸಾರ್?" ತರಗತಿ ನಕ್ಕಿತು, ಆದರೆ ಪಾಠದ ಜೀವ ಇದ್ದದ್ದು ಅಲ್ಲೇ. ಗಸಗಸೆ ಬೀಜಕ್ಕೆ ಕಾಯಿಯ ಹಾಲು ಅಂಟಿರಬಹುದು; ತಿಂದವರ ಮೂತ್ರದಲ್ಲಿ ಮಾರ್ಫಿನ್ ಕಾಣಿಸಬಹುದು. ಅಮೆರಿಕದ ಕೇಂದ್ರ ಸರ್ಕಾರಿ ಉದ್ಯೋಗ ಪರೀಕ್ಷೆಗಳಲ್ಲಿ ಇದಕ್ಕಾಗಿಯೇ 1998ರಲ್ಲಿ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಿದರು. ಪ್ರತಿಕಾಯ ಗುರುತಿಸುವುದು ಅಣುವಿನ ಆಕಾರವನ್ನು. ಅದು ಎಲ್ಲಿಂದ ಬಂತೆಂಬುದನ್ನಲ್ಲ. ಕೆಮ್ಮಿನ ಔಷಧಿಯ ಕೊಡೀನ್ ಕೂಡ ಆಕಾರದಲ್ಲಿ ಮಾರ್ಫಿನ್‌ಗೆ ಹತ್ತಿರ. ಆದ್ದರಿಂದ ಈ ಪರೀಕ್ಷೆ ಮೊದಲ ಜರಡಿ. ಖಚಿತಪಡಿಸಲು ಗ್ಯಾಸ್ ಕ್ರೊಮ್ಯಾಟೋಗ್ರಫಿ–ಮಾಸ್ ಸ್ಪೆಕ್ಟ್ರೋಮೆಟ್ರಿಯಂಥ ಬೇರೆ ವಿಧಾನ ಬೇಕು.

ಮನೆಗೆಲಸಕ್ಕೆ ಒಂದೇ ಪ್ರಶ್ನೆ ಕೊಟ್ಟೆ. ಫೆಂಟಾನಿಲ್ ಸಹ ಓಪಿಯಾಯ್ಡ್, ಆದರೆ ಅದರ ರಚನೆ ಮಾರ್ಫಿನ್‌ನಂತಿಲ್ಲ. ಅದು ಮಾತ್ರ ಇರುವ ಮಾದರಿಯನ್ನು ಇದೇ ಗುಳಿಗೆ ಹಾಕಿದರೆ ಬಣ್ಣ ಎಷ್ಟು ಬರುತ್ತದೆ, ಪ್ರಯೋಗಪುಸ್ತಕದಲ್ಲಿ ಏನೆಂದು ಬರೆಯುತ್ತೀರಿ?