ಎರಡು ಮಂಪರು ಒಂದ ರಾತ್ರಿಗೆ ಬ್ಯಾಡ

ತಮ್ಮಾ, ಕುಡೀಬ್ಯಾಡ ಅಂತ ಹೇಳಾಕ ನಾ ಇವತ್ತ ನಿನ್ನ ಕರದಿಲ್ಲ. ಅದನ್ನ ನಿಮ್ಮವ್ವ ದಿನಾ ಹೇಳತಾಳ, ಹೇಳಲಿ. ನನ್ನ ಮಾತು ಬ್ಯಾರೆ ಐತಿ. ಕುಡದ ರಾತ್ರಿ ಮಂಪರು ತರೂ ಇನ್ನೊಂದನ್ನ ಹೊಟ್ಟಿಗೆ ಇಳಸಬ್ಯಾಡ. ಗೆಳ್ಯಾ ಹೊರದೇಶದಿಂದ ತಂದುಕೊಟ್ಟ ಆ ಕಾವಾ ಪುಡಿ ಇರಲಿ, ನಿಮ್ಮಪ್ಪನ ನಿದ್ದಿ ಗುಳಿಗಿ ಇರಲಿ, ರಂಗಪಂಚಮಿ ಭಂಗಿ ಇರಲಿ.

ನಮ್ಮ ಹುಬ್ಬಳ್ಳಿ ಕಮರಿಪೇಟ್ಯಾಗ ಸಾವಜಿ ಊಟ, ಅದರ ಜೋಡಿ ಒಂದು ಪೆಗ್, ಇದು ಹುಡುಗೂರಿಗೆ ಹೊಸಾದಲ್ಲ. ಅದರ ಮ್ಯಾಲ "ಬೇರಿನ ಪುಡಿ ಕಾಕಾ, ಗಿಡಮೂಲಿಕಿ, ಏನೂ ಆಗಂಗಿಲ್ಲ" ಅಂದೆಲ್ಲಾ, ಆ ಮಾತಿಗೇ ನನಗ ಹೆದರಿಕಿ ಆತು.

ಕಾವಾ ನಮ್ಮ ಸವಣೂರ ಎಲಿ, ಕಾಳಮೆಣಸಿನ ಕುಲದ್ದ. ಫಿಜಿ, ವನುವಾಟು ದ್ವೀಪದಾಗ ಅದರ ಬೇರು ಕುಟ್ಟಿ, ನೀರಾಗ ಕಿವುಚಿ, ದೊಡ್ಡ ಬೋಗುಣಿಯಿಂದ ತೆಂಗಿನ ಚಿಪ್ಪಿನಾಗ ಮೊಗದು ಹಿರಿಯರ ಮುಂದ ಕುಂತು ಕುಡೀತಾರ. ಕಬ್ಬಿನ ಹೊಲಕ್ಕಂತ ನಮ್ಮ ದೇಶದಿಂದ ಫಿಜಿಗೆ ಹೋದ ಗಿರಮಿಟಿಯಾ ಕೂಲಿ ಮಂದಿಯ ಮೊಮ್ಮಕ್ಕಳೂ ಕುಡೀತಾರ. ಆದ್ರ ಯುರೋಪಿನವರು ಬರೂತನಕ ಆ ದ್ವೀಪದಾಗ ಸೆರೆ ಅನ್ನೂದ ಇರಲಿಲ್ಲ. ಹಿಂಗಾಗಿ ಎರಡೂ ಕೂಡಿಸೂದಕ್ಕ ಅವರ ಹಿರಿಯರ ರೂಢಿಯ ಆಸರಾ ತಗೊಳ್ಳಾಕ ಬರಂಗಿಲ್ಲ.

2002ರಾಗ ಜರ್ಮನಿ ಕಾವಾ ಔಷಧಗಳನ್ನ ಪ್ಯಾಟಿಯಿಂದ ತಗಸಿತು, ಅದ ವರ್ಷ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಲಿವರಿಗೆ ಪೆಟ್ಟು ಬೀಳಬಹುದು ಅಂತ ಎಚ್ಚರಿಕಿ ಕೊಟ್ಟಿತು. 2014ರಾಗ ಜರ್ಮನಿಯ ಕೋರ್ಟು ಆ ನಿಷೇಧ ತಗದು ಹಾಕಿತು. ಲಿವರ್ ಕೆಟ್ಟವರಾಗ ಕೆಲವರು ಮದ್ಯ ಕುಡೀತಿದ್ರು, ಕೆಲವರು ಬ್ಯಾರೆ ಗುಳಿಗಿ ತಗೋತಿದ್ರು, ತಪ್ಪು ಯಾವುದರದು ಅಂತ ಇನ್ನೂ ವಾದ ಐತಿ. ನಿನಗ ಆ ವಾದ ಯಾಕ ಬೇಕು? ಎರಡೂ ಕೂಡಿದಲ್ಲೇ ಅನುಮಾನ ಐತಿ ಅಂದಮ್ಯಾಲ ಕೂಡಿಸೂದ ಬ್ಯಾಡ. ಲಿವರ್ ಮಾತು ನಿಧಾನದ್ದು, ಮಂಪರಿನ ಮಾತು ಅವತ್ತಿಂದ ಅವತ್ತಿಗೆ. ಮದ್ಯನೂ ಕಾವಾನೂ ಮಿದುಳಿನ ಓಟ ತಗ್ಗಸ್ತಾವ, ಕೂಡಿದ್ರ ಕೈಕಾಲು ಹಿಡಿತ ತಪ್ಪತಾವ, ಅವತ್ತ ರಾತ್ರಿ ನೀ ಬೈಕ್ ಮ್ಯಾಲ ಉಣಕಲ್ ಕೆರಿ ದಾಟಬೇಕಲ್ಲ.

ಇಂಥಾದ್ದಕ್ಕ ಫಿಜಿತನಕ ಹೋಗೂದೂ ಬ್ಯಾಡ. ರಾಯಚೂರು, ಕಲಬುರಗಿ ಕಡೆ ಕದ್ದು ಮಾರಿದ ಸೇಂದಿ ಕೇಳೀಯಲ್ಲ, ಅದರಾಗ ಸಿ.ಎಚ್. ಪೌಡರ್ ಕಲಸ್ತಿದ್ರು. ಅದು ಕ್ಲೋರಲ್ ಹೈಡ್ರೇಟ್, ನಿದ್ದಿ ಬರಸೂ ಔಷಧ. ಡಯಾಜೆಪಾಮ್, ಅಲ್ಪ್ರಜೋಲಾಮ್ ಗುಳಿಗಿನೂ ಪುಡಿ ಮಾಡಿ ಹಾಕತಿದ್ರು. ಮದ್ಯ ಆ ಕ್ಲೋರಲ್‌ನ್ನ ಹೆಚ್ಚು ಮಂಪರಿನ ವಸ್ತುವಾಗಿ ಲಗೂನ ಬದಲಸ್ತೈತಿ, ಆ ವಸ್ತು ತಿರಗಿ ಮದ್ಯ ಕರಗದಂಗ ತಡೀತೈತಿ. ಒಂದಕ್ಕೊಂದು ಕುಮ್ಮಕ್ಕು ಕೊಟ್ಟು ಉಸಿರಿನ ಮ್ಯಾಲ ಬರತಾವ. ಆ ಸೇಂದಿಗೆ ಹತ್ತಿದವರಿಗೆ ಒಮ್ಮೆಲೇ ನಿಂತ್ರ ಫಿಟ್ಸ್ ಬರತಿದ್ದವು, ಬುದ್ಧಿ ಭ್ರಮಿಸ್ತಿತ್ತು. ಬಡವರು ತಮಗ ಗೊತ್ತಿಲ್ಲದ ಕುಡದ್ರು. ನೀ ಗೊತ್ತಿದ್ದೂ ಕುಡದ್ರ ನನಗ ಬಾಳ ಸಂಕಟ ಆಕ್ಕೈತಿ.

ನಿಮ್ಮಪ್ಪನ ಅಲ್ಪ್ರಜೋಲಾಮ್ ಅದ ಜಾತಿದು. "ಒಂದ ಗುಳಿಗಿ, ಎರಡ ಪೆಗ್" ಅನ್ನೂ ಲೆಕ್ಕ ನಡಿಯಂಗಿಲ್ಲ ತಮ್ಮಾ. ಕೆಮ್ಮಿನ ಸಿರಪ್, ನೆಗಡಿ ಗುಳಿಗಿ ಕೂಡ ಕೆಲವು ಮಂಪರಿನವು ಇರತಾವ. ಔಷಧ ಬರಸ್ಕೊಳ್ಳೂವಾಗ ಡಾಕ್ಟರಿಗೆ "ನಾ ಕುಡೀತೇನ್ರಿ" ಅಂತ ಬಾಯಿಬಿಟ್ಟು ಹೇಳು. ಅವರು ನಿಮ್ಮಪ್ಪಗ ಹೇಳಾಕ ಹೋಗಂಗಿಲ್ಲ.

ಇನ್ನ ಇದನ್ನ ನಿನ್ನ ಗೆಳ್ಯಾರಿಗೆಲ್ಲಾ ಹೇಳು. ಕೂಡಿಸಿ ಕುಡದವ ಗಡದ್ದಾಗಿ ಮಲಗಿದ್ರ "ನಶಾ ಇಳೀಲಿ" ಅಂತ ಬಿಟ್ಟು ಮನಿಗೆ ಹೋಗಬ್ಯಾಡ್ರಿ. ಅಲಗಾಡಸಿದ್ರೂ ಏಳವಲ್ಲ, ಉಸಿರು ನಿಂತು ನಿಂತು ಬರತೈತಿ, ಗೊರಕಿ ಗೊಳಗೊಳ ಅಂತೈತಿ, ತುಟಿ ನೀಲಿ ತಿರಗ್ಯಾವ, ಇದರಾಗ ಒಂದು ಕಂಡ್ರೂ ತಡಾ ಮಾಡದ 108ಕ್ಕ ಫೋನ್ ಹಚ್ಚ್ರಿ. ಮಗ್ಗಲಾಗಿ ಮಲಗಸ್ರಿ, ವಾಂತಿ ಆದ್ರ ಗಂಟಲಿಗೆ ಸಿಗಬಾರದು. ಮಜ್ಜಗಿ, ಲಿಂಬಿ ನೀರು, ಕಾಫಿ ಯಾವುದೂ ಬಾಯಾಗ ಹಾಕಬ್ಯಾಡ್ರಿ, ವಾಂತಿ ಮಾಡಸಾಕ ಹೋಗಬ್ಯಾಡ್ರಿ. ಗುಳಿಗಿ ಪಟ್ಟಿ, ಪುಡಿ ಪಾಕೀಟು ಕಿಸೇದಾಗ ಹಾಕ್ಕೊಂಡು ಕಿಮ್ಸ್ ದವಾಖಾನಿಗೆ ಹೋಗ್ರಿ. ಏನು ಕುಡದಾನ, ಎಷ್ಟೊತ್ತಾತು ಅಂತ ಡಾಕ್ಟರಿಗೆ ಖರೇ ಹೇಳ್ರಿ. ಮಾನ ಹೋದೀತು ಅಂತ ಮುಚ್ಚಿಟ್ಟ ಹೊತ್ತಿನಾಗ ಜೀವಾ ಹೋಗತೈತಿ.

ದಿನಾ ಬೇಕ ಬೇಕು ಅನ್ನೂಹಂಗ ಆಗಿದ್ರ ನೀನ ಒಮ್ಮೆಲೇ ಬಿಡಾಕ ಹೋಗಬ್ಯಾಡ, ಅದೂ ಅಪಾಯ. ಧಾರವಾಡದ ಡಿಮ್ಹಾನ್ಸ್ ಮನೋರೋಗ ದವಾಖಾನಿ ನಮಗ ಹತ್ರ ಐತಿ. ಹೋಗಾಕ ಸಂಕೋಚ ಆದ್ರ 14416ಕ್ಕ ಫೋನ್ ಹಚ್ಚು, ಟೆಲಿ-ಮಾನಸ್ ಅಂತಾರ, ರೊಕ್ಕ ಬೇಕಿಲ್ಲ, ಕನ್ನಡದಾಗ ಮಾತಾಡತಾರ.

ಇವತ್ತ ಮನಿಗೆ ಹೋದಕೂಡ್ಲೆ ಆ ಗುಳಿಗಿ ಡಬ್ಬಿ ನಿಮ್ಮವ್ವನ ಕೈಯಾಗ ಕೊಡು, ಎಣಿಸಿ ಕೊಡು.