ಇಂದಿನ ಧಮ್ಮ ಚಿಂತನೆ: ಸ್ಟಿಯರಿಂಗ್ ಹಿಡಿದವರ ಕೋಪ



ಕಳೆದ ಭಾನುವಾರ ಅಧ್ಯಯನ ಮುಗಿಯುವ ಹೊತ್ತಿಗೆ, ಗೂಡ್ಸ್ ಗಾಡಿ ಓಡಿಸುವ ನಮ್ಮ ಬಳಗದ ತಮ್ಮನೊಬ್ಬ ಕೇಳಿದ: "ಅಣ್ಣಾ, ತಲೆ ಬಗ್ಗಿಸಿ ಬದುಕಬೇಡಿ ಅಂತ ಬಾಬಾಸಾಹೇಬರು ಕಲಿಸಿದ್ರು ಅಂತೀರಿ. ರಸ್ತೆ ಮೇಲೆ ಒಬ್ಬ ಬೇಕಂತಲೇ ಅಡ್ಡ ಬಂದು, ಮೇಲಿಂದ ಬೈದು ಹೋದ್ರೆ ಕೋಪ ಮಾಡ್ಕೋಬೇಡ ಅಂತಾನೂ ಅಂತೀರಿ. ಎರಡರಲ್ಲಿ ಯಾವುದನ್ನ ಹಿಡೀಲಿ?" ಹೊತ್ತು ಮೀರಿತ್ತು, ಪೂರ್ತಿ ಚರ್ಚೆ ಆಗಲಿಲ್ಲ. ನಮ್ಮಲ್ಲಿ ಆಟೋ, ಕ್ಯಾಬ್, ಲಾರಿ, ಬಸ್ಸು ಓಡಿಸುವವರು ಬಹಳ ಮಂದಿ. ಬೈಕಿನಲ್ಲಿ ಊಟ ತಲುಪಿಸುವ ಹುಡುಗರೂ ಇದ್ದಾರೆ. ಆದ್ದರಿಂದ ಇವತ್ತಿನ ಚಿಂತನೆ ಈ ಪ್ರಶ್ನೆಗೇ ಮೀಸಲು.

ಮೊದಲು ಧಮ್ಮಪದ. ಅದರ 26 ವಗ್ಗಗಳಲ್ಲಿ 17ನೆಯದು ಕೋಧವಗ್ಗ, ಅಂದರೆ ಕೋಪದ ಅಧ್ಯಾಯ. ಅಲ್ಲಿನ 222ನೇ ಗಾಥೆ ಗಾಡಿ ಓಡಿಸುವವರಿಗೆಂದೇ ಹೇಳಿದ ಹಾಗಿದೆ. ದಿಕ್ಕುಗೆಟ್ಟು ಓಡುವ ರಥವನ್ನು ತಡೆದಂತೆ, ಉಕ್ಕಿ ಬಂದ ಕೋಪವನ್ನು ಯಾರು ತಡೆಯುತ್ತಾರೋ ಅವರನ್ನು ಮಾತ್ರ ತಥಾಗತರು ಸಾರಥಿ ಎಂದು ಕರೆಯುತ್ತಾರೆ. ಉಳಿದವರದ್ದು ಬರೀ ಲಗಾಮು ಹಿಡಿಯುವ ಕೆಲಸ. ಇಲ್ಲಿ ಒಂದು ಮಾತು ಗಮನಿಸಿ. ಕೋಪವೇ ಬಾರದವನ ಬಗ್ಗೆ ಗಾಥೆ ಏನೂ ಹೇಳುತ್ತಿಲ್ಲ. ಕೋಪ ಬಂದಾಗಿದೆ, ರಥ ಓಡುತ್ತಿದೆ, ಆಗ ತಡೆಯುವವನ ಬಗ್ಗೆ ಹೇಳುತ್ತಿದೆ.

ಈ ಗಾಥೆ ಹುಟ್ಟಿದ ಸಂದರ್ಭವನ್ನು ಅಟ್ಠಕಥೆ ವಿವರಿಸುತ್ತದೆ. ಆಳವಿ ಎಂಬ ಊರಿನ ಭಿಕ್ಖುವೊಬ್ಬ ಕುಟೀರ ಕಟ್ಟಿಕೊಳ್ಳಲು ಮರ ಕಡಿಯುತ್ತಿದ್ದ. ಆ ಮರದಲ್ಲಿ ವಾಸವಿದ್ದ ದೇವತೆ ಮಗುವನ್ನು ಎತ್ತಿಕೊಂಡು ಬಂದು, ನನ್ನ ಮನೆ ಕೆಡವಬೇಡ ಎಂದು ಬೇಡಿಕೊಂಡಳು. ಅವನು ಕೇಳಲಿಲ್ಲ. ಬೀಸಿದ ಕೊಡಲಿ ಮಗುವಿನ ತೋಳಿಗೆ ಬಿತ್ತು. ಅವನನ್ನು ಕೊಂದೇಬಿಡುವಷ್ಟು ಕೋಪ ಆ ತಾಯಿಗೆ ಬಂತು, ಕೈಯನ್ನೂ ಎತ್ತಿದಳು. ಎತ್ತಿದ ಕೈಯನ್ನು ತಡೆದು, ನೇರವಾಗಿ ಬುದ್ಧರ ಬಳಿ ಹೋಗಿ ಅತ್ತು ದೂರು ಹೇಳಿದಳು. (ದೇವತೆ ಎಂದ ಕೂಡಲೇ ಕೆಲವರು ಮುಖ ತಿರುಗಿಸುತ್ತೀರಿ ಎಂದು ಗೊತ್ತು. ಮನೆ ಕಳೆದುಕೊಂಡ ಒಬ್ಬ ತಾಯಿ ಎಂದು ಓದಿಕೊಳ್ಳಿ, ಕತೆಯ ತೂಕ ಕಡಿಮೆಯಾಗುವುದಿಲ್ಲ.) ಬುದ್ಧರು ಅವಳಿಗೆ "ನಿನ್ನ ಕೋಪ ಸುಳ್ಳು" ಎನ್ನಲಿಲ್ಲ. ಕೈ ತಡೆದದ್ದಕ್ಕೆ ಮೆಚ್ಚಿದರು, ಇರಲು ಬೇರೆ ಮರ ತೋರಿಸಿದರು. ಗಿಡಮರಗಳನ್ನು ಕಡಿಯುವ ಭಿಕ್ಖು ತಪ್ಪಿತಸ್ಥ ಎಂಬ ನಿಯಮ ವಿನಯದಲ್ಲಿ ಬಂದದ್ದೂ ಇದೇ ಘಟನೆಯಿಂದ. ಅವಳು ಆ ಕ್ಷಣದಲ್ಲಿ ಹೊಡೆದಿದ್ದರೆ ಒಂದು ಸಾವು ಆಗುತ್ತಿತ್ತು. ದೂರು ಕೊಟ್ಟಿದ್ದರಿಂದ ಒಂದು ಕಾನೂನು ಬಂತು.

ಈಗ ಬಾಬಾಸಾಹೇಬರ ಬದುಕಿನ ಒಂದು ಘಟನೆ. 'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ ನೆನಪಿರುತ್ತದೆ. 1929ರಲ್ಲಿ ಅಸ್ಪೃಶ್ಯರ ಕುಂದುಕೊರತೆಗಳ ತನಿಖೆಗೆ ಬೊಂಬಾಯಿ ಸರ್ಕಾರ ನೇಮಿಸಿದ ಸಮಿತಿಯಲ್ಲಿ ಅವರು ಸದಸ್ಯರಾಗಿದ್ದರು. ಖಾನ್‌ದೇಶದ ಒಂದು ಹಳ್ಳಿಯ ಬಹಿಷ್ಕಾರದ ವಿಷಯ ವಿಚಾರಿಸಿಕೊಂಡು ಚಾಳೀಸ್‌ಗಾಂವ್ ಸ್ಟೇಷನ್ನಿಗೆ ಮರಳಿದರು. ಅಲ್ಲಿಂದ ಮಹಾರ್‌ವಾಡಾಕ್ಕೆ ಎರಡು ಮೈಲಿ. ಸ್ಟೇಷನ್ ಮುಂದೆ ಬೇಕಾದಷ್ಟು ಟಾಂಗಾಗಳಿದ್ದವು, ಆದರೂ ಒಂದು ತಾಸು ಕಾಯಿಸಿದರು. ಕೊನೆಗೆ ಒಂದು ಟಾಂಗಾ ಬಂತು. ಸ್ವಲ್ಪ ದೂರ ಹೋಗುವಷ್ಟರಲ್ಲೇ ಅದು ಒಂದು ಮೋಟಾರು ಕಾರಿಗೆ ಡಿಕ್ಕಿ ಹೊಡೆಯುವುದರಲ್ಲಿತ್ತು, ಪೊಲೀಸಿನವನು ಕೂಗಿಕೊಂಡಿದ್ದರಿಂದ ತಪ್ಪಿತು. ಹೊಳೆಯ ಮೇಲಿನ ಸೇತುವೆಗೆ ತಿರುಗುವಾಗ ಕುದುರೆ ಬೆದರಿ ಓಡಿತು, ಚಕ್ರ ಅಂಚಿನ ಕಲ್ಲಿಗೆ ಬಡಿಯಿತು. ಬಾಬಾಸಾಹೇಬರು ಕಲ್ಲು ಹಾಸಿನ ಮೇಲೆ ಎಸೆಯಲ್ಪಟ್ಟು ಪ್ರಜ್ಞೆ ತಪ್ಪಿದರು. ಕುದುರೆ, ಗಾಡಿ ಎರಡೂ ಹೊಳೆಗೆ ಬಿದ್ದವು. ಕಾಲು ಮುರಿದು ಅವರು ಹಲವು ದಿನ ಓಡಾಡಲಾಗಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಅಸ್ಪೃಶ್ಯನನ್ನು ಕೂರಿಸಿಕೊಂಡು ಓಡಿಸಲು ಯಾವ ಟಾಂಗಾವಾಲನೂ ಒಪ್ಪಿರಲಿಲ್ಲ. ನಮ್ಮ ಬ್ಯಾರಿಸ್ಟರು ನಡೆದುಕೊಂಡು ಬರುವುದೇ ಎಂದು ಮಹಾರ್ ಬಂಧುಗಳಿಗೂ ಮನಸ್ಸು ಒಪ್ಪಲಿಲ್ಲ. ಆಗ ಆದ ರಾಜಿ ಏನೆಂದರೆ, ಮಾಲೀಕ ಬಾಡಿಗೆಗೆ ಟಾಂಗಾ ಕೊಡುತ್ತಾನೆ, ಓಡಿಸಲು ಬರುವುದಿಲ್ಲ. ಹೀಗಾಗಿ ಓಡಿಸಿ ಅಭ್ಯಾಸವೇ ಇಲ್ಲದ ನಮ್ಮವನೊಬ್ಬ, ಇದರಲ್ಲೇನಿದೆ ಎಂದುಕೊಂಡು ಲಗಾಮು ಹಿಡಿದ. ಹೊರಟ ಮೇಲೆ ಗಾಬರಿಯಾಗಿ ಕೈಬಿಟ್ಟ.

ಬಂಧುಗಳೇ, ಈ ಘಟನೆಯನ್ನು ನಾವು ಜಾತಿಯ ಕ್ರೌರ್ಯಕ್ಕೆ ಉದಾಹರಣೆಯಾಗಿ ಹೇಳುತ್ತೇವೆ, ಹೇಳಲೇಬೇಕು. ಆದರೆ ಇದರಲ್ಲಿ ಬಾಬಾಸಾಹೇಬರು ನಮ್ಮವರಿಗೇ ಹೇಳಿದ ಇನ್ನೊಂದು ಮಾತಿದೆ, ಅದನ್ನು ದಾಟಿ ಓದುವವರೇ ಹೆಚ್ಚು. ಪ್ರಯಾಣಿಕನ ಘನತೆ ಕಾಪಾಡುವುದಕ್ಕಿಂತ ಅವನ ಪ್ರಾಣದ ಸುರಕ್ಷತೆ ದೊಡ್ಡದು ಎಂಬುದನ್ನು ಆ ಜನ ಮರೆತರು ಎನ್ನುತ್ತಾರೆ ಅವರು. ಇಡೀ ಜೀವಮಾನ ನಮ್ಮ ಘನತೆಗಾಗಿಯೇ ಹೋರಾಡಿದವರು ಹೇಳಿದ ಮಾತಿದು! ಗಾಡಿ ಚಲಿಸುತ್ತಿರುವಾಗ ಪ್ರಾಣ ಮೊದಲು. ಘನತೆಯ ಲೆಕ್ಕ ಗಾಡಿ ನಿಂತ ಮೇಲೆ. ಹಾಗೆಂದು ಆ ಅವಮಾನವನ್ನು ಅವರು ನುಂಗಿಕೊಂಡು ಸುಮ್ಮನಾದರೇ? ಇಲ್ಲ, ಬರೆದಿಟ್ಟರು. ಟಾಂಗಾವಾಲ ಯಾರೋ ಯಾರಿಗೂ ಗೊತ್ತಿಲ್ಲ, ಆ ಬರಹವನ್ನು ಇವತ್ತಿಗೂ ಓದುತ್ತಿದ್ದೇವೆ.

ನಮ್ಮ ತಮ್ಮನ ಪ್ರಶ್ನೆಗೆ ನನಗೆ ತೋಚುವ ಉತ್ತರ ಇಲ್ಲಿದೆ. ತಲೆ ಬಗ್ಗಿಸಬೇಡ. ಆದರೆ ತಲೆ ಎತ್ತುವ ಜಾಗ ಮೂರನೇ ಗೇರಿನಲ್ಲಿ ಓಡುತ್ತಿರುವ ಗಾಡಿಯಲ್ಲಿಲ್ಲ.

ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ಓಡುತ್ತದೆ. ಅಡ್ಡ ಬಂದವನ ಮುಖ ನೋಡಲು ಕತ್ತು ತಿರುಗಿಸಿ, ಒಂದು ಮಾತು ಬೈದು, ಮತ್ತೆ ರಸ್ತೆಗೆ ಕಣ್ಣು ತರಲು ಮೂರು ಸೆಕೆಂಡು ಸಾಕು. ಅಷ್ಟರಲ್ಲಿ ಗಾಡಿ 50 ಮೀಟರ್ ಮುಂದೆ ಹೋಗಿರುತ್ತದೆ, ಕಣ್ಣಿಲ್ಲದೆ. ಆ 50 ಮೀಟರಿನಲ್ಲಿ ಶಾಲೆಯಿಂದ ಬರುವ ಮಗು ರಸ್ತೆ ದಾಟುತ್ತಿರಬಹುದು. ಪ್ರತಿದಿನ ಪಂಚಶೀಲದ ಮೊದಲ ಶೀಲ ಹೇಳುತ್ತೇವಲ್ಲ, ಗಾಡಿ ಓಡಿಸುವವರಿಗೆ ಅದರ ಅರ್ಥ ಈ 50 ಮೀಟರಿನಲ್ಲಿದೆ.

ಇನ್ನು ಅಭ್ಯಾಸದ ವಿಷಯ. ಹಾರ್ನ್ ಕಿವಿಗೆ ಬಿತ್ತು, ಅದು ಫಸ್ಸ, ಸ್ಪರ್ಶ. ಕಿರಿಕಿರಿಯಾಯಿತು, ಅದು ವೇದನಾ. ಇಲ್ಲಿಯವರೆಗೆ ಯಾರದ್ದೂ ತಪ್ಪಿಲ್ಲ, ಅರಹಂತರ ಕಿವಿಗೂ ಹಾರ್ನ್ ಕರ್ಕಶವೇ. "ನನ್ನನ್ನು ಏನಂದುಕೊಂಡಿದ್ದಾನೆ ಇವನು" ಎಂಬ ಕತೆ ಶುರುವಾಗುವುದು ಇದರ ನಂತರ. ಹಿಂದಿನವನಿಗೆ ನಮ್ಮ ಗಾಡಿಯ ಬೆನ್ನು ಬಿಟ್ಟರೆ ಬೇರೇನೂ ಕಾಣುತ್ತಿರುವುದಿಲ್ಲ, ಆದರೂ ಅವನು ನಮ್ಮ ಇಡೀ ಕುಲವನ್ನೇ ಅವಮಾನಿಸಿದ ಹಾಗೆ ನಮಗೆ ಅನಿಸುತ್ತದೆ. ತಲೆಮಾರುಗಳಿಂದ ಅವಮಾನ ಉಂಡವರಿಗೆ ಹಾಗೆ ಅನಿಸುವುದು ಸಹಜ. ಸಹಜ ಎಂದ ಮಾತ್ರಕ್ಕೆ ಪ್ರತಿ ಹಾರ್ನೂ ಜಾತಿಯ ಬೈಗುಳ ಆಗುವುದಿಲ್ಲ. ವೇದನೆಗೂ ಕತೆಗೂ ನಡುವೆ ಒಂದು ಸಣ್ಣ ಸಂದು ಇದೆ. ಸತಿ ಇಡಬೇಕಾದದ್ದು ಅಲ್ಲಿ.

ಕೋಪ ಮನಸ್ಸಿಗೆ ತಿಳಿಯುವ ಮೊದಲೇ ಮೈಯಲ್ಲಿ ಕಾಣುತ್ತದೆ. ಸ್ಟಿಯರಿಂಗ್ ಮೇಲೆ ಬೆರಳು ಬಿಗಿಯುತ್ತವೆ, ಹಲ್ಲು ಕಚ್ಚುತ್ತೇವೆ, ಭುಜ ಕಿವಿಯ ಹತ್ತಿರ ಬರುತ್ತದೆ, ಬಲಗಾಲು ಆಕ್ಸಿಲರೇಟರ್ ಒತ್ತುತ್ತದೆ. ಮಜ್ಝಿಮ ನಿಕಾಯದ 20ನೇ ಸುತ್ತ ವಿತಕ್ಕಸಂಠಾನದಲ್ಲಿ ಕೆಟ್ಟ ಆಲೋಚನೆಗಳನ್ನು ನಿಭಾಯಿಸುವ ಐದು ದಾರಿಗಳಿವೆ. ಡ್ರೈವರಿಗೆ ಹೆಚ್ಚು ಒದಗುವುದು ನಾಲ್ಕನೆಯದು. ಬಿರುಸಾಗಿ ನಡೆಯುವವನೊಬ್ಬ, ನಾನೇಕೆ ಇಷ್ಟು ಬಿರುಸಾಗಿ ನಡೆಯುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಂಡು ನಿಧಾನವಾಗುತ್ತಾನೆ. ಆಮೇಲೆ ನಿಲ್ಲುತ್ತಾನೆ, ಕೂರುತ್ತಾನೆ, ಕೊನೆಗೆ ಮಲಗುತ್ತಾನೆ. ಕೋಪವನ್ನು ಒಂದೇ ಏಟಿಗೆ ಕೊಲ್ಲಲು ಹೋಗದೆ ಒಂದೊಂದೇ ಗೇರು ಇಳಿಸುವ ಉಪಾಯ ಇದು. ಮೊದಲು ಕಾಲು ಸಡಿಲಿಸಿ. ಬೆರಳು ಸಡಿಲಿಸಿ. ಮುಂದಿನ ಗಾಡಿಗೂ ನಿಮಗೂ ನಡುವೆ ಜಾಗ ಬಿಡಿ. ಅವನು ಮುಂದೆ ಹೋಗಲಿ. ಇಷ್ಟಾದರೂ ಎದೆ ಬಡಿತ ಇಳಿಯದಿದ್ದರೆ ಇಂಡಿಕೇಟರ್ ಹಾಕಿ ಎಡಕ್ಕೆ ನಿಲ್ಲಿಸಿ ನೀರು ಕುಡಿಯಿರಿ. ಟೈಮಿಗೆ ತಲುಪದಿದ್ದರೆ ದುಡ್ಡು ಕಡಿತವಾಗುವ ಹುಡುಗರಿಗೆ ಇದು ಹೇಳಿದಷ್ಟು ಸುಲಭವಿಲ್ಲ, ಒಪ್ಪುತ್ತೇನೆ. ಅವರ ಕೋಪದಲ್ಲಿ ಅರ್ಧ ಭಾಗ ಹಸಿವು, ನಿದ್ದೆಗೇಡು, ಸಾಲದ ಕಂತು. ಕೆಲಸದ ಷರತ್ತುಗಳ ವಿರುದ್ಧ ಒಟ್ಟಾಗಿ ಮಾತಾಡಬೇಕಾದ್ದು ಬೇರೆಯೇ ಇದೆ. ಅಲ್ಲಿಯವರೆಗೆ, ಹೊಟ್ಟೆ ಖಾಲಿ ಇಟ್ಟುಕೊಂಡು ಗಾಡಿ ಹತ್ತಬೇಡಿ.

ನಿಜವಾಗಿಯೂ ಜಾತಿ ಹಿಡಿದು ಬೈದರೆ? ಹಿಂದಿನ ಗಾಜಿನ ಮೇಲೆ ಬಾಬಾಸಾಹೇಬರ ಚಿತ್ರ ನೋಡಿಯೇ ನಾಲಿಗೆ ಹರಿಬಿಡುವವರು ಇದ್ದಾರೆ. ಆಗ ಆ ತಾಯಿಯ ದಾರಿ ಹಿಡಿಯಿರಿ: ಕೈ ತಡೆಯಿರಿ, ದೂರು ಕೊಡಿ. ಬೆನ್ನಟ್ಟಿ ಹೋಗಬೇಡಿ. ಸುರಕ್ಷಿತ ಜಾಗದಲ್ಲಿ ನಿಂತು ಗಾಡಿ ನಂಬರು, ಸಮಯ, ಸ್ಥಳ ಬರೆದುಕೊಳ್ಳಿ. ಅಲ್ಲಿದ್ದವರಲ್ಲಿ ಒಬ್ಬರದ್ದಾದರೂ ಫೋನ್ ನಂಬರು ಪಡೆಯಿರಿ. ತುರ್ತಿದ್ದರೆ 112ಕ್ಕೆ ಕರೆ ಮಾಡಿ. ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಉದ್ದೇಶಪೂರ್ವಕವಾಗಿ ಅವಮಾನಿಸುವುದು, ಜಾತಿ ಹೆಸರಿನಿಂದ ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯ 3(1)(ಆರ್) ಮತ್ತು 3(1)(ಎಸ್) ಪ್ರಕಾರ ಅಪರಾಧ. ಬಾಯಿಮಾತಿನಲ್ಲಿ ಹೇಳಿದ ದೂರನ್ನೂ ಠಾಣೆಯಲ್ಲಿ ಬರೆದುಕೊಂಡು ಓದಿ ಹೇಳಬೇಕು, ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು, 1995ರ ನಿಯಮಗಳಲ್ಲೇ ಹೀಗಿದೆ. ಬೌದ್ಧರಾದರೆ ಈ ರಕ್ಷಣೆ ಹೋಗುತ್ತದೆ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. 1990ರ ತಿದ್ದುಪಡಿಯ ನಂತರ ಬೌದ್ಧರಾದ ಪರಿಶಿಷ್ಟ ಜಾತಿಯವರ ಸ್ಥಾನ ಹಾಗೇ ಉಳಿಯುತ್ತದೆ. ಆದರೆ ನಾವೇ ಗಾಡಿಯಿಂದಿಳಿದು ಮೊದಲು ಕಾಲರ್ ಹಿಡಿದೆವೋ, ಸಂಜೆಯೊಳಗೆ ನಮ್ಮ ಮೇಲೊಂದು ಕೌಂಟರ್ ಕೇಸ್ ಬೀಳುತ್ತದೆ. ಬೈದವನಿಗೆ ಬೇಕಾಗಿದ್ದೂ ಅದೇ. ಖಂತಿ ಪಾರಮಿತೆಯನ್ನು ವಿವರಿಸುವಾಗ ಬಾಬಾಸಾಹೇಬರು ದ್ವೇಷಕ್ಕೆ ದ್ವೇಷ ಎದುರಿಡದಿರುವುದೇ ಅದರ ತಿರುಳು ಎಂದರು. ದೂರು ಕೊಡಬೇಡಿ ಎಂದು ಅವರು ಎಲ್ಲೂ ಹೇಳಲಿಲ್ಲ.

ಒಂದು ಮಾತು ಮನೆಯವರ ಪರವಾಗಿ. ರಸ್ತೆಯಲ್ಲಿ ತಡೆದ ಕೋಪವನ್ನು ಹಾಗೇ ಹೊತ್ತು ತಂದು ಅನ್ನದ ತಟ್ಟೆಯ ಮುಂದೆ ಇಳಿಸುವವರಿದ್ದಾರೆ. ಹೆಂಡತಿ ಮಕ್ಕಳು ಯಾವ ಸಿಗ್ನಲ್ಲಿನಲ್ಲೂ ನಿಮಗೆ ಅಡ್ಡ ಬಂದಿಲ್ಲ. ಎಂಜಿನ್ ಆಫ್ ಮಾಡಿದ ಮೇಲೆ ಎರಡು ನಿಮಿಷ ಸೀಟಿನಲ್ಲೇ ಕೂತು ಉಸಿರು ಗಮನಿಸಿ, ಆಮೇಲೆ ಇಳಿಯಿರಿ.

ಈ ವಾರದ ಅಭ್ಯಾಸ: ದಿನವೂ ಹೋಗುವ ದಾರಿಯಲ್ಲಿ, ನಿಮಗೆ ಹೆಚ್ಚು ಕೋಪ ಬರುವ ಒಂದು ಸಿಗ್ನಲ್ಲನ್ನೋ ತಿರುವನ್ನೋ ಆರಿಸಿಕೊಳ್ಳಿ. ಅಲ್ಲಿ ನಿಂತಾಗಲೆಲ್ಲ ಬೆರಳು, ದವಡೆ, ಭುಜ ಮೂರನ್ನೂ ಗಮನಿಸಿ. ಕೋಪ ಬಂದರೆ ಬಂತು ಎಂದು ತಿಳಿದರೆ ಸಾಕು. ಭಾನುವಾರ ಬರುವಾಗ ಕೋಧವಗ್ಗದ 14 ಗಾಥೆಗಳನ್ನು, 221ರಿಂದ 234ರವರೆಗೆ, ಓದಿಕೊಂಡು ಬನ್ನಿ. ಗಾಡಿ ಓಡಿಸುವವರು ಮೊದಲು ಮಾತಾಡಲಿ, ಉಳಿದವರು ಕೇಳೋಣ.

ನಮೋ ಬುದ್ಧಾಯ. ಜೈ ಭೀಮ್.