ಸೇವೆಗೂ ಒಂದು ಓದು ಬೇಕೇ?



ಹನ್ನೆರಡನೇ ತರಗತಿಯ ಮಕ್ಕಳಿರುವ ಮನೆಗಳಲ್ಲಿ ವರ್ಷವಿಡೀ ಒಂದೇ ಮಾತು: ಎಟಾರ್ ಎಷ್ಟು ಬರಬಹುದು, ಮುಂದೇನು ಓದಿಸುವುದು? ಪಿಯಾರಾ ವಾಟರ್ಸ್, ಹ್ಯಾರಿಸ್‌ಡೇಲ್, ಕ್ಯಾನಿಂಗ್ ವೇಲ್ ಕಡೆಯ ನಮ್ಮ ಮನೆಗಳೂ ಇದಕ್ಕೆ ಹೊರತಲ್ಲ. ಇಂಜಿನಿಯರಿಂಗ್, ವೈದ್ಯಕೀಯ, ಕಾಮರ್ಸ್ ಎಂದರೆ ನಮಗೆ ತಕ್ಷಣ ಅರ್ಥವಾಗುತ್ತದೆ. ಆದರೆ ಮಗಳು ಬಂದು, "ಅಪ್ಪ, ನಾನು ಲಾಭರಹಿತ ಸಂಸ್ಥೆಗಳ ಆಡಳಿತ ಓದುತ್ತೇನೆ" ಎಂದರೆ? "ಸೇವೆ ಮಾಡೋದಕ್ಕೂ ಡಿಗ್ರಿ ಬೇಕೇನಮ್ಮಾ? ಅದು ಮನಸ್ಸಿದ್ದರೆ ಸಾಲದೇ?" ಎಂದು ಕೇಳುವವರೇ ಹೆಚ್ಚು. ಈ ಪ್ರಶ್ನೆ ತಪ್ಪೇನಲ್ಲ. ಅದಕ್ಕೆ ಉತ್ತರ ಹುಡುಕುವುದೇ ಈ ಪಾಠದ ಉದ್ದೇಶ.

ಲಾಭರಹಿತ ಎಂದರೇನು?

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಿಕೊಳ್ಳೋಣ. ಲಾಭರಹಿತ ಸಂಸ್ಥೆ ಎಂದರೆ ಕೈಯಲ್ಲಿ ಹಣ ಉಳಿಸಬಾರದ ಸಂಸ್ಥೆ ಎಂದಲ್ಲ. ಉಳಿದ ಹಣವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಸಂಸ್ಥೆಯ ಉದ್ದೇಶಕ್ಕೇ ಬಳಸಬೇಕು ಎಂದಷ್ಟೇ ಅರ್ಥ. ಅಲ್ಲಿ ಕೆಲಸ ಮಾಡುವವರಿಗೆ ಸಂಬಳವೂ ಇರಬಹುದು.

ಆಸ್ಟ್ರೇಲಿಯಾದಲ್ಲಿ ಧರ್ಮಾರ್ಥ ಸಂಸ್ಥೆಗಳ ಮೇಲ್ವಿಚಾರಣೆಗೆ ಎಸಿಎನ್‌ಸಿ ಎಂಬ ರಾಷ್ಟ್ರೀಯ ಆಯೋಗ 2012ರ ಡಿಸೆಂಬರ್‌ನಲ್ಲಿ ಆರಂಭವಾಯಿತು. ಅದರಲ್ಲಿ ನೋಂದಾಯಿಸಿಕೊಂಡ ಸಂಸ್ಥೆಗಳು ಸುಮಾರು 60,000. ಈ ದೇಶದಲ್ಲಿ ದುಡಿಯುವ ಹತ್ತು ಜನರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಇಂಥ ಸಂಸ್ಥೆಗಳೇ ಉದ್ಯೋಗ ಕೊಟ್ಟಿವೆ. ಇನ್ನೊಂದು ಕಡೆ, ಸುಮಾರು ಅರ್ಧದಷ್ಟು ಸಂಸ್ಥೆಗಳಲ್ಲಿ ಸಂಬಳದ ನೌಕರರು ಒಬ್ಬರೂ ಇಲ್ಲ. ಎಲ್ಲವೂ ಸ್ವಯಂಸೇವಕರದೇ ಶ್ರಮ. ನಮ್ಮಂಥ ದೇವಸ್ಥಾನಗಳು, ಕನ್ನಡ ಸಂಘಗಳು ಸಾಮಾನ್ಯವಾಗಿ ಈ ಎರಡನೇ ಗುಂಪಿನವು.

ಬೆಳಗಾವಿಯ ಏಳು ಮಂದಿ ಶಿಕ್ಷಕರು

ಈ ವಿದ್ಯೆ ನಮಗೆ ಹೊಸದೇ? ಖಂಡಿತ ಅಲ್ಲ. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಸೇರಿ ಒಂದು ಶಾಲೆ ತೆರೆದರು. ಅದೇ ಇಂದಿನ ಕೆಎಲ್‌ಇ ಸಂಸ್ಥೆ. ಜನ ಅವರನ್ನು ಪ್ರೀತಿಯಿಂದ ಸಪ್ತರ್ಷಿಗಳು ಎಂದು ಕರೆದರು. ಅವರು ಸಿರಿವಂತರಾಗಿರಲಿಲ್ಲ. ಮುಂದೆ ಹಲವು ದಾನಿಗಳು ಕೈಜೋಡಿಸಿದರು. ಶಿರಸಂಗಿ ಲಿಂಗರಾಜರ ಹೆಸರಿನ ಕಾಲೇಜು 1933ರಲ್ಲಿ ಆರಂಭವಾಯಿತು. 1947ರಲ್ಲಿ ಹುಬ್ಬಳ್ಳಿಯಲ್ಲಿ ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು, 1963ರಲ್ಲಿ ಬೆಳಗಾವಿಯಲ್ಲಿ ವೈದ್ಯಕೀಯ ಕಾಲೇಜು ಬಂದವು. ಬಿವಿಬಿ ಕಾಲೇಜಿನಲ್ಲಿ ಓದಿದ ಇಂಜಿನಿಯರುಗಳು ಈಗ ಹಲವು ದೇಶಗಳಲ್ಲಿ ಸಿಗುತ್ತಾರೆ.

ಇಲ್ಲಿ ಗಮನಿಸಬೇಕಾದ್ದು ಕಟ್ಟಡಗಳ ಸಂಖ್ಯೆಯನ್ನಲ್ಲ. ಸ್ಥಾಪಿಸಿದ ಏಳು ಜನರಲ್ಲಿ ಒಬ್ಬರೂ ಇಂದು ಇಲ್ಲ, ಆದರೆ ಸಂಸ್ಥೆ ನೂರು ವರ್ಷ ದಾಟಿ ನಡೆಯುತ್ತಿದೆ. ತ್ಯಾಗ ಒಬ್ಬರ ಆಯುಷ್ಯದಷ್ಟೇ ಬಾಳುತ್ತದೆ. ಅದು ಮುಂದುವರಿಯಬೇಕಾದರೆ ನಿಯಮ, ಲೆಕ್ಕ, ಜವಾಬ್ದಾರಿ ಹೊರುವ ಮುಂದಿನ ತಲೆಮಾರು, ಇವು ಮೂರೂ ಬೇಕು.

ಆಡಳಿತ ಓದಿದ ವೈದ್ಯರು

ಇನ್ನೊಂದು ಉದಾಹರಣೆ ಮೈಸೂರಿನದು. 1984ರಲ್ಲಿ ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರು ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಗೆಳೆಯರೊಂದಿಗೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಆರಂಭಿಸಿದರು. ಹೆಗ್ಗಡದೇವನಕೋಟೆ ತಾಲೂಕಿನ ಕಾಡಂಚಿನ ಆದಿವಾಸಿಗಳ ನಡುವೆ ಚಿಕಿತ್ಸೆ ಶುರುಮಾಡಿ, ಮುಂದೆ ಸರಗೂರಿನಲ್ಲಿ ಆಸ್ಪತ್ರೆ, ಹೊಸಹಳ್ಳಿಯಲ್ಲಿ ಆದಿವಾಸಿ ಮಕ್ಕಳ ಶಾಲೆ ಕಟ್ಟಿದರು. ವೈದ್ಯರಾಗಿದ್ದ ಅವರು ಆಸ್ಪತ್ರೆಯ ಆಡಳಿತವನ್ನೂ, ಹಾರ್ವರ್ಡ್‌ನ ಕೆನಡಿ ಸ್ಕೂಲಿನಲ್ಲಿ ಸಾರ್ವಜನಿಕ ಆಡಳಿತವನ್ನೂ ಓದಿದರು. ರೋಗಿಯ ನಾಡಿ ನೋಡಲು ಒಂದು ವಿದ್ಯೆಯಾದರೆ, ಔಷಧಿ, ಸಿಬ್ಬಂದಿ, ಸಂಬಳ ಎಲ್ಲವೂ ಪ್ರತಿ ತಿಂಗಳು ಸಮಯಕ್ಕೆ ಸರಿಯಾಗಿ ಬರುವಂತೆ ಮಾಡಲು ಇನ್ನೊಂದು ವಿದ್ಯೆ.

ಈ ಓದಿನ ನಾಲ್ಕು ಪಾಠಗಳು

1. ಕಾನೂನು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸಂಘಗಳಿಗೆ ಅನ್ವಯವಾಗುವುದು 2015ರ ಸಂಘಗಳ ನೋಂದಣಿ ಕಾಯ್ದೆ. ಸಂಘ ನೋಂದಾಯಿಸಲು ಮತದಾನದ ಹಕ್ಕಿರುವ ಕನಿಷ್ಠ 6 ಸದಸ್ಯರು ಬೇಕು. ಕರ್ನಾಟಕದ 1960ರ ಕಾಯ್ದೆಯಲ್ಲಿ ಈ ಸಂಖ್ಯೆ 7. ಇಲ್ಲಿ ಹಣಕಾಸು ವರ್ಷ ಮುಗಿದ 6 ತಿಂಗಳೊಳಗೆ ವಾರ್ಷಿಕ ಮಹಾಸಭೆ ನಡೆಸಬೇಕು. ಸಮಿತಿಯ ಸದಸ್ಯರು ಎಚ್ಚರಿಕೆಯಿಂದ, ಪ್ರಾಮಾಣಿಕವಾಗಿ ನಡೆದುಕೊಳ್ಳುವುದು ಕಾನೂನಿನ ಕರ್ತವ್ಯ. ಉದಾಹರಣೆಗೆ, ಅಡುಗೆಯ ಗುತ್ತಿಗೆ ಸಮಿತಿ ಸದಸ್ಯರೊಬ್ಬರ ಸ್ವಂತ ಕೇಟರಿಂಗ್‌ಗೆ ಹೋಗುವುದಿದ್ದರೆ, ಅವರು ಅದನ್ನು ಮೊದಲೇ ತಿಳಿಸಿ ಆ ನಿರ್ಧಾರದಿಂದ ದೂರ ಉಳಿಯಬೇಕು. ಇದು ಅಪನಂಬಿಕೆಯಲ್ಲ, ಅವರ ಹೆಸರಿಗೂ ಇದೇ ರಕ್ಷಣೆ.

2. ಲೆಕ್ಕ. ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ದೇವಸ್ಥಾನದ ಖಾತೆಯಲ್ಲಿ 20,000 ಡಾಲರ್ ಇದೆ ಎಂದಿಟ್ಟುಕೊಳ್ಳಿ. ಅದರಲ್ಲಿ 12,000 ಗೋಪುರಕ್ಕೆಂದು, 3,000 ಅನ್ನದಾನಕ್ಕೆಂದು ಭಕ್ತರು ಕೊಟ್ಟದ್ದು. ಉಳಿದದ್ದು 5,000. ವರ್ಷದ ವಿಮೆ, ವಿದ್ಯುತ್, ಬಾಡಿಗೆಗೆ 6,000 ಬೇಕು. ಹಾಗಾದರೆ ಈ ದೇವಸ್ಥಾನದ ಬಳಿ ದುಡ್ಡು ಇದೆಯೇ, ಇಲ್ಲವೇ? ಬ್ಯಾಂಕಿನ ಕಾಗದ ನೋಡಿದವರು ಇದೆ ಎನ್ನುತ್ತಾರೆ. ಲೆಕ್ಕ ಬಲ್ಲವರು 1,000 ಡಾಲರ್ ಕೊರತೆ ಎನ್ನುತ್ತಾರೆ. ಗೋಪುರಕ್ಕೆಂದು ಕೊಟ್ಟ ಹಣದಿಂದ ಕರೆಂಟ್ ಬಿಲ್ ಕಟ್ಟಿದರೆ ಕೊಟ್ಟವರ ನಂಬಿಕೆ ಕೆಡುತ್ತದೆ. ಒಮ್ಮೆ ಕೆಟ್ಟ ನಂಬಿಕೆಯನ್ನು ಯಾವ ರಸೀದಿಯೂ ಮರಳಿ ತರುವುದಿಲ್ಲ.

3. ಹಣ ಕೂಡಿಸುವುದು. ಹುಂಡಿಯೊಂದೇ ದಾರಿಯಲ್ಲ. ನಮ್ಮ ರಾಜ್ಯದ ಸರ್ಕಾರಿ ಲಾಟರಿ ಸಂಸ್ಥೆಯಾದ ಲಾಟರಿವೆಸ್ಟ್ ಸಮುದಾಯ ಸಂಸ್ಥೆಗಳಿಗೆ ಅನುದಾನ ಕೊಡುತ್ತದೆ. ಆದರೆ ಅರ್ಜಿಯಲ್ಲಿ ಯಾರಿಗೆ ಪ್ರಯೋಜನ, ಎಷ್ಟು ಖರ್ಚು, ಫಲ ಸಿಕ್ಕಿತೆಂದು ತಿಳಿಯುವುದು ಹೇಗೆ ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ಹಾಗೆಯೇ, ಎಲ್ಲ ದಾನಕ್ಕೂ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಕೇವಲ ಪೂಜೆ, ಧರ್ಮಪ್ರಚಾರಕ್ಕೆ ಕೊಟ್ಟ ಕಾಣಿಕೆಗೆ ಇಲ್ಲಿ ಸಾಮಾನ್ಯವಾಗಿ ಆ ಸೌಲಭ್ಯವಿಲ್ಲ. ಭಕ್ತರಿಗೆ ಇದನ್ನು ಮೊದಲೇ ತಿಳಿಸುವುದು ಒಳ್ಳೆಯದು.

4. ಜನ. ಇದೇ ಎಲ್ಲಕ್ಕಿಂತ ಕಠಿಣ. ಸಂಬಳ ಕೊಡದೆ ಕೆಲಸ ಹೇಳುವುದು ಹೇಗೆ? ದಣಿದವರಿಗೆ ಬಿಡುವು ಕೊಡುವುದು ಹೇಗೆ? ಭಿನ್ನಾಭಿಪ್ರಾಯ ಜಗಳವಾಗದಂತೆ ಸಭೆ ನಡೆಸುವುದು ಹೇಗೆ? ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಪ್ರಶ್ನೆ ಕೇಳುತ್ತೇವೆ: ಒಬ್ಬರು ನಾಳೆ ದೀರ್ಘ ರಜೆ ಹಾಕಿದರೆ ಪ್ರಾಜೆಕ್ಟ್ ನಿಲ್ಲುತ್ತದೆಯೇ? ನಿಲ್ಲುವುದಾದರೆ ದೋಷ ವ್ಯಕ್ತಿಯದಲ್ಲ, ವ್ಯವಸ್ಥೆಯದು. ಬ್ಯಾಂಕಿನ ಪಾಸ್‌ವರ್ಡ್, ಪುರೋಹಿತರ ವೀಸಾ ಕಾಗದ, ಹಾಲ್‌ನ ಬೀಗದ ಕೈ ಎಲ್ಲವೂ ಒಬ್ಬರ ಬಳಿಯೇ ಇದ್ದರೆ ಆ ಸಂಘದ ಸ್ಥಿತಿಯೂ ಇದೇ.

ಎಲ್ಲಿ ಓದಬಹುದು?

ಅಮೆರಿಕದಲ್ಲಿ 1948ರಿಂದಲೇ ಕಾಲೇಜು ವಿದ್ಯಾರ್ಥಿಗಳನ್ನು ಈ ಕ್ಷೇತ್ರಕ್ಕೆ ಸಿದ್ಧಪಡಿಸುವ ಸಂಘಟನೆಯೊಂದಿದೆ. ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಇದೇ ವಿಷಯದ ಪದವಿಯಿದೆ. ಆಸ್ಟ್ರೇಲಿಯಾದಲ್ಲಿ ಸಾಮಾನ್ಯವಾಗಿ ಮೊದಲು ಕಾಮರ್ಸ್, ಕಾನೂನು ಅಥವಾ ಸಮಾಜಕಾರ್ಯದ ಪದವಿ ಪಡೆದು, ನಂತರ ಇದನ್ನು ಓದುತ್ತಾರೆ. ಬ್ರಿಸ್ಬೇನ್‌ನ ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿ ಆಫ್ ಟೆಕ್ನಾಲಜಿಯಲ್ಲಿ ದಾನ ಮತ್ತು ಲಾಭರಹಿತ ಸಂಸ್ಥೆಗಳ ಅಧ್ಯಯನಕ್ಕೆಂದೇ ಒಂದು ಕೇಂದ್ರವಿದೆ. ಊರಿನ ಕಡೆ ನೋಡಿದರೆ, 2010ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಜೀಂ ಪ್ರೇಂಜಿ ವಿಶ್ವವಿದ್ಯಾಲಯ ಸಮಾಜದ ಕೆಲಸಕ್ಕೆ ಯುವಜನರನ್ನು ತಯಾರು ಮಾಡುತ್ತಿದೆ.

ಸಂಬಳದ ಮಾತು? ಸಾಫ್ಟ್‌ವೇರ್‌ನಷ್ಟು ಸಿಗದೇ ಇರಬಹುದು. ಮಕ್ಕಳಿಗೆ ಇದನ್ನು ಮುಚ್ಚಿಡಬೇಕಿಲ್ಲ. ಆದರೆ ಆಸ್ಪತ್ರೆ, ವೃದ್ಧಾಶ್ರಮ, ವಿಶ್ವವಿದ್ಯಾಲಯ, ಅಂಗವಿಕಲರ ಸೇವೆ, ಇವುಗಳಲ್ಲಿ ಬಹಳಷ್ಟನ್ನು ಇಲ್ಲಿ ನಡೆಸುವುದು ಲಾಭರಹಿತ ಸಂಸ್ಥೆಗಳೇ. ಹಾಗಾಗಿ ಇದನ್ನು ಕೆಲಸ ಸಿಗದ ಓದು ಎಂದು ತಳ್ಳಿಹಾಕುವಂತಿಲ್ಲ. ಬೇರೆ ಪದವಿ ಓದುವ ಮಕ್ಕಳೂ ಜೊತೆಗೆ ಒಂದೆರಡು ವಿಷಯ ಇದರಲ್ಲಿ ತೆಗೆದುಕೊಂಡರೆ ನಷ್ಟವಿಲ್ಲ.

ಮನೆಪಾಠ

ಈ ತ್ರೈಮಾಸಿಕದಲ್ಲಿ ಮನೆಮಂದಿಯೆಲ್ಲ ಕೂತು ಮೂರು ಕೆಲಸ ಮಾಡಬಹುದು:

ಅ) ಎಸಿಎನ್‌ಸಿಯ ನೋಂದಣಿ ಪಟ್ಟಿ ಎಲ್ಲರಿಗೂ ತೆರೆದಿದೆ. ನಿಮಗೆ ಗೊತ್ತಿರುವ ಒಂದು ಸಂಸ್ಥೆಯ ಹೆಸರು ಹುಡುಕಿ, ಅದರ ಉದ್ದೇಶವೇನೆಂದು ಮಕ್ಕಳಿಂದ ಓದಿಸಿ.

ಆ) ಮೇಲಿನ 20,000 ಡಾಲರ್ ಲೆಕ್ಕವನ್ನು ಮಕ್ಕಳಿಗೆ ಕೊಡಿ. 1,000 ಕೊರತೆ ತುಂಬಲು ಅವರು ಏನು ಮಾಡುತ್ತಾರೆ, ಕೇಳಿ.

ಇ) ಮುಂದಿನ ಮಹಾಸಭೆಗೆ ಹದಿನಾರು ದಾಟಿದ ಮಕ್ಕಳನ್ನು ಕರೆತನ್ನಿ. ಊಟದ ಹೊತ್ತಿಗಲ್ಲ, ಲೆಕ್ಕಪತ್ರ ಓದುವ ಹೊತ್ತಿಗೆ!

ಹಬ್ಬದ ದಿನ ಎಲೆ ಹಾಕಲು, ಬಡಿಸಲು ನಮ್ಮ ಮಕ್ಕಳು ಹಿಂದೆ ಬೀಳುವವರಲ್ಲ. ಅವರಿಗೆ ನಡಾವಳಿ ಪುಸ್ತಕವನ್ನೂ, ಖಜಾಂಚಿಯ ಲೆಕ್ಕವನ್ನೂ ಒಪ್ಪಿಸುವ ದಿನ ಬಂದೇ ಬರುತ್ತದೆ. ಆ ಹೊತ್ತಿಗೆ ಅವರು ಸಿದ್ಧರಾಗಿರಬೇಕಾದರೆ ಕಲಿಕೆ ಈಗಲೇ ಶುರುವಾಗಬೇಕು. ಸೇವೆಗೆ ಮನಸ್ಸು ಬೇಕು, ನಿಜ. ಆ ಸೇವೆ ನಮ್ಮ ನಂತರವೂ ನಡೆಯಬೇಕಾದರೆ ಓದೂ ಬೇಕು.